ನೀರಿಗೆ ಹೆದರುವ ಅಕ್ವೇರಿಯಂ ಲೈಟು

ಅಕ್ವೇರಿಯಂ ಲೈಟಿನ ವಾರಂಟಿ ಕಾರ್ಡನ್ನು ಪೂರ್ತಿ ಓದಿದವರು ಯಾರಾದರೂ ಇದ್ದೀರಾ? ನಾನು ಈಗ ತಾನೇ ಓದಿ ಮುಗಿಸಿದೆ, ಮೈಯೆಲ್ಲಾ ಉರೀತಿದೆ. ನೀರು ತಾಗಿ ಕೆಟ್ಟರೆ ವಾರಂಟಿ ಇಲ್ಲವಂತೆ. ಅಲ್ಲಾ ಸ್ವಾಮಿ, ಅಕ್ವೇರಿಯಂ ಲೈಟು ನೀರಿನಿಂದ ಕೆಡದೆ ಬಿಸಿಲಿಗೆ ಬಾಡಿ ಕೆಡುತ್ತಾ?

ಡಬ್ಬದ ಮೇಲೆ ದೊಡ್ಡದೊಂದು ನೀರಿನ ಹನಿಯ ಚಿತ್ರ. ಅದರ ಕೆಳಗೆ ಕನ್ನಡಕ ಹಾಕಿದರೂ ಕಾಣದ ಅಕ್ಷರದಲ್ಲಿ ಐಪಿ44. ಅಂದರೆ ನೀರು ಎರಚಿದರೆ ತಡೆಯುತ್ತೆ, ಮುಳುಗಿದರೆ ಕೇಳಬೇಡಿ. 1 ಮೀಟರ್ ಆಳದಲ್ಲಿ 30 ನಿಮಿಷ ಇದ್ದರೂ ಬದುಕಬೇಕು ಅಂದರೆ ಐಪಿ67 ಬೇಕು. ಸರಿ, ನಮ್ಮದು ಮುಳುಗಲೂ ಇಲ್ಲ. ಮುಚ್ಚಳದ ಕೆಳಗೆ ಸುಮ್ನೆ ಕೂತಿತ್ತು. ಆದರೆ ಆವಿ ಹಗಲೂ ರಾತ್ರಿ ಮೇಲೇರಿ ಅಲ್ಲೇ ಹನಿಗಟ್ಟುತ್ತೆ, ಜೊತೆಗೆ ಏರ್ ಪಂಪಿನ ಗುಳ್ಳೆ ಒಡೆದು ಸಿಡಿಯೋದು ಬೇರೆ. ಬಿಚ್ಚಿ ನೋಡಿದರೆ ಬೆಸುಗೆ ಹಾಕಿದ ಜಾಗದಲ್ಲಿ ಹಸಿರು ಕಿಲುಬು, ಸುತ್ತಲೂ ಬಿಳಿ ಉಪ್ಪು. ಈ ಎಲ್‌ಇಡಿಗಳನ್ನು ಗುಂಪು ಗುಂಪಾಗಿ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಒಂದಕ್ಕೆ ಕರೆಂಟ್ ತಪ್ಪಿದರೆ ಆ ಗುಂಪೇ ಢಮಾರ್. ಹಾಗಾಗಿ ಅರ್ಧ ಟ್ಯಾಂಕಿನಲ್ಲಿ ಹಗಲು, ಇನ್ನರ್ಧದಲ್ಲಿ ಅಮಾವಾಸ್ಯೆ.

ಇದನ್ನೆಲ್ಲಾ ಒಪ್ಪದವರು ನಮ್ಮಪ್ಪ. ಅವರ ಪ್ರಕಾರ ಲೋಕದಲ್ಲಿ ಕೆಟ್ಟ ವಸ್ತು ಅಂತ ಯಾವುದೂ ಇಲ್ಲ, ಸರಿಯಾಗಿ ತಟ್ಟದ ವಸ್ತು ಇರುತ್ತೆ ಅಷ್ಟೆ. ರೇಡಿಯೊ, ರಿಮೋಟು, ಗೋಡೆ ಗಡಿಯಾರ, ಎಲ್ಲಕ್ಕೂ ಒಂದೇ ಮದ್ದು. ಅಂಗೈಯಲ್ಲಿ ಎರಡು ಮೆತ್ತಗೆ, ಒಂದು ಜೋರು. ಮುಚ್ಚಳಕ್ಕೂ ಹಾಗೇ ಕೊಟ್ಟರು.

ಕರ್ಮ ಏನಂದ್ರೆ, ಲೈಟು ಹತ್ತಿಬಿಡ್ತು! ಕಿಲುಬಿನ ಸಂದಿಯಲ್ಲಿ ಎಲ್ಲೋ ವೈರು ತಾಗಿಕೊಂಡಿರಬೇಕು. ಅಪ್ಪ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಬೇಡ ಬಿಡಿ. ಆದರೆ ಮುಚ್ಚಳ ಸದ್ದಾದರೆ ಊಟ ಬಂತು ಅಂತ ನಮ್ಮ ಗೋಲ್ಡ್‌ಫಿಶ್‌ಗಳಿಗೆ ಬಾಯಿಪಾಠ. ಅಷ್ಟೂ ಒಟ್ಟಿಗೆ ಮೇಲೆ ನುಗ್ಗಿ, ಬಾಯಿ ಬಿಟ್ಟು, ಬಾಲ ಬಡಿದವು. ನೀರು ನೇರ ಲೈಟಿಗೆ. ಲೈಟು ಆರಿತು. ಅಪ್ಪ ಮತ್ತೆ ತಟ್ಟಿದರು. ಲೈಟು ಹತ್ತಿತು, ಮೀನು ಬಂದವು, ನೀರು ಸಿಡಿಯಿತು, ಲೈಟು ಆರಿತು. ಅಪ್ಪ ಮತ್ತೆ ತಟ್ಟಿದರು.

"ಅಪ್ಪಾ, ಒದ್ದೆ ಲೈಟು, ಮೊದಲು ಪ್ಲಗ್ ತೆಗೀರಿ!"

"ಸುಮ್ನಿರೋ, ಈಗ ಹದಕ್ಕೆ ಬರ್ತಾ ಇದೆ."

ಕೊನೆಗೆ ನಾನೇ ಹೋಗಿ ಪ್ಲಗ್ ಕಿತ್ತೆ. ಅಪ್ಪ ನೋಡಲಿಲ್ಲ, ತಟ್ಟುತ್ತಲೇ ಇದ್ದರು. ಮೀನುಗಳೂ ಬರುತ್ತಲೇ ಇದ್ದವು.

ಹೊಸ ಲೈಟು ಬರೋವರೆಗೆ ಸಂಜೆಗಳು ಉದ್ದ ಅನ್ನಿಸಿದವು. ಸಾಮಾನ್ಯವಾಗಿ ಆ ಹೊತ್ತಿಗೆ ಅಪ್ಪ, ನಾನು ಇಬ್ಬರೂ ಟ್ಯಾಂಕಿನ ಮುಂದೆ ಕೂತು ಮೀನು ನೋಡ್ತೀವಿ. ಮಾತೇನೂ ಇರಲ್ಲ, ಬೇಕಾಗಿಯೂ ಇರಲಿಲ್ಲ. ಈಗ ನೋಡೋಕೆ ಏನೂ ಕಾಣಲ್ಲವಾದ್ದರಿಂದ ಮಾತಾಡಬೇಕಾಯ್ತು. ಹವಾಮಾನ ಬೇಗ ಮುಗಿದುಹೋಯ್ತು.

ಈ ಸಲ ಲೈಟಿಗೂ ನೀರಿಗೂ ಮಧ್ಯೆ ಗಾಜಿನ ಹಾಳೆ ಇಟ್ಟಿದ್ದೇನೆ. ಹನಿ ವೈರಿನ ಮೇಲೆ ಹರಿದು ಸಾಕೆಟ್ ಸೇರದೆ ಕೆಳಗೇ ತೊಟ್ಟಿಕ್ಕಲಿ ಅಂತ ವೈರನ್ನು ಸಾಕೆಟ್ಟಿಗಿಂತ ಕೆಳಗೆ ಇಳಿಬಿಟ್ಟು ಮೇಲೆ ತಂದಿದ್ದೇನೆ. ಅಪ್ಪ ಸುತ್ತ ಬಂದು, ಬಗ್ಗಿ, ಎಲ್ಲವನ್ನೂ ಪರೀಕ್ಷೆ ಮಾಡಿದರು. ಮುಖದಲ್ಲಿ ಸಮಾಧಾನ ಇಲ್ಲ.

"ಎಲ್ಲಾ ಸರಿ ಕಣೋ. ಇದು ಕೆಟ್ಟರೆ ತಟ್ಟೋದು ಎಲ್ಲಿ?"