ಹಳೇ ಆಲ್ಬಮ್ ಅನ್ನು ಒಮ್ಮೆ ಪೂರ್ತಿ ಕೇಳಲು ಬಿಡಿ

ಹೆಸರು ಮಾತ್ರ ಗೊತ್ತಿದ್ದ ಹಳೇ ಆಲ್ಬಮ್‌ಗಳನ್ನು ಈಗ ಒಂದೊಂದಾಗಿ ಕೇಳುತ್ತಿದ್ದೇನೆ. ಆದರೆ ಈ ಹಾಡು ಕೇಳಿಸುವ ಆ್ಯಪ್‌ಗಳು ನೆಮ್ಮದಿಯಾಗಿ ಕೇಳೋಕೆ ಬಿಟ್ಟರೆ ತಾನೆ!

ಬೀಟಲ್ಸ್ ತಂಡದ 'ಆ್ಯಬಿ ರೋಡ್' (1969) ತಗೊಳ್ಳಿ. ಎಲ್‌ಪಿಯ (ಹಳೇ ಕಾಲದ ದೊಡ್ಡ ಗ್ರಾಮಫೋನ್ ತಟ್ಟೆ) ಎರಡನೇ ಬದಿಯಲ್ಲಿ ಪುಟ್ಟ ಪುಟ್ಟ ಹಾಡುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಮುಗಿಯುವ ಜಾಗದಲ್ಲೇ ಇನ್ನೊಂದು ಶುರು. ದುಡ್ಡು ಕೊಡದೆ ಕೇಳಿದರೆ ಕೆಲವು ಆ್ಯಪ್‌ಗಳು ಇದನ್ನೂ ಷಫಲ್ ಮಾಡುತ್ತವೆ, ಅಂದರೆ ಹಾಡುಗಳ ಕ್ರಮವನ್ನು ಕಲಸಿಬಿಡುತ್ತವೆ. ಹಾಡು ಕತ್ತರಿಸಿದ ಹಾಗೆ ನಿಲ್ಲುತ್ತದೆ, ಮಧ್ಯೆ ಜಾಹೀರಾತು ಬೇರೆ. ಮೊದಲೇ ಕೇಳಿದವರಿಗೆ ಅದು ಬರೀ ಕಿರಿಕಿರಿ. ಮೊದಲ ಸಲ ಕೇಳುವವರಿಗೆ ಹಾಡೇ ಹಾಗೆ ಅನಿಸಿಬಿಡುತ್ತದೆ. ಅದು ಅನ್ಯಾಯ ಅಲ್ವಾ?

ದುಡ್ಡು ಕೊಟ್ಟರೂ ಕಾಟ ತಪ್ಪಲ್ಲ. ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದ ಮೂನ್' (1973) ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಆ ಸದ್ದು ಮೆಲ್ಲಗೆ ಕರಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂರಬೇಕು ಅನಿಸುತ್ತದೆ. ಎಲ್ಲಿ! ತಕ್ಷಣ ಸಂಬಂಧವೇ ಇಲ್ಲದ ಯಾವುದೋ ಹಾಡು ತಾನಾಗಿ ಶುರುವಾಗುತ್ತದೆ. ಹೆಚ್ಚುವರಿ ಹಾಡು ಸೇರಿಸಿದ ಡೀಲಕ್ಸ್ ಆವೃತ್ತಿ ಸಿಕ್ಕರಂತೂ ಕೊನೇ ಹಾಡಿನ ಬೆನ್ನಿಗೇ ಡೆಮೊ (ಕರಡು ರೆಕಾರ್ಡಿಂಗ್), ಲೈವ್, ರೀಮಿಕ್ಸ್. ಮೂಲ ಆಲ್ಬಮ್ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗಲ್ಲ.

2021ರಲ್ಲಿ ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ ಒಂದು ದೊಡ್ಡ ಆ್ಯಪ್ ಆಲ್ಬಮ್‌ಗಳಲ್ಲಿ ಷಫಲ್ ಗುಂಡಿಯನ್ನು ಮುಂದಿಡುವುದನ್ನು ಬಿಟ್ಟಿತು. ಅದೂ ದುಡ್ಡು ಕೊಡುವವರಿಗೆ ಮಾತ್ರ. ಆಲ್ಬಮ್ ಅಂದರೆ ಯಾವ ಹಾಡಿನ ನಂತರ ಯಾವುದು ಅಂತ ಕಲಾವಿದರು ತಲೆ ಕೆಡಿಸಿಕೊಂಡು ಮಾಡಿದ ಕೆಲಸ. ಉಚಿತವಾಗಿ ಕೇಳುವವರಿಗೂ ಅದೇ ಕ್ರಮದಲ್ಲಿ ಸಿಗಬೇಕು. ಜಾಹೀರಾತು ಬೇಕಿದ್ದರೆ ಎಲ್ಲವನ್ನೂ ಮೊದಲೇ ಹಾಕಿ ಮುಗಿಸಲಿ.