ಹೊರಗೆ ಬರುವುದು ಲೇಸರ್ ಅಲ್ಲ
ಒಳಗೆ ಲೇಸರ್ ಇಟ್ಟು ಬಹಳ ದೂರ ಬೆಳಕು ಬೀರುವ ಎಲ್‌ಇಪಿ ಟಾರ್ಚಿನ ಬಗ್ಗೆ ಒಂದು ಲೇಖನದಲ್ಲಿ "ಈ ಟಾರ್ಚಿನಿಂದ ಲೇಸರ್ ಕಿರಣವೇ ಹೊರಬರುತ್ತದೆ, ಅದಕ್ಕೇ ಅಷ್ಟು ದೂರ ಹೋಗುತ್ತದೆ" ಅಂತಿದೆ. ಹಾಗಲ್ಲ. ಸುಮಾರು 450 ನ್ಯಾನೊಮೀಟರಿನ ನೀಲಿ ಲೇಸರ್ ಒಳಗೇ ಇರುವ ಪುಟ್ಟ ಫಾಸ್ಫರ್ (ಬೆಳಕು ಬಿದ್ದರೆ ಬೇರೆ ಬಣ್ಣದಲ್ಲಿ ಹೊಳೆಯುವ ವಸ್ತು) ಬಿಲ್ಲೆಗೆ ಬಡಿಯುತ್ತದೆ. ಬಿಲ್ಲೆ ಹಳದಿ ಬೆಳಕು ಕೊಡುತ್ತದೆ, ಚದುರಿ ಉಳಿದ ನೀಲಿ ಅದರೊಡನೆ ಬೆರೆತು ಬಿಳಿಯಾಗುತ್ತದೆ. ಲೆನ್ಸ್ ದಾಟುವುದು ಈ ಮಾಮೂಲಿ ಬಿಳಿ ಬೆಳಕೇ.

ದೂರ ಹೋಗುವ ಗುಟ್ಟಿರುವುದು ಬಿಲ್ಲೆಯ ಮೇಲೆ ಹೊಳೆಯುವ ಚುಕ್ಕೆಯ ಗಾತ್ರದಲ್ಲಿ. ಅದರ ಅಗಲವನ್ನು ಲೆನ್ಸಿನ ಫೋಕಲ್ ದೂರದಿಂದ (ಇಲ್ಲಿ ಲೆನ್ಸಿನಿಂದ ಚುಕ್ಕೆಗಿರುವ ಅಂತರ) ಭಾಗಿಸಿದರೆ ಕಿರಣ ಎಷ್ಟು ಹರಡುತ್ತದೆ ಅಂತ ಸಿಗುತ್ತದೆ. ಚುಕ್ಕೆ 0.5 ಮಿ.ಮೀ., ಫೋಕಲ್ ದೂರ 50 ಮಿ.ಮೀ. ಆದರೆ 100 ಮೀಟರ್ ಆಚೆ ಬೆಳಕು ಬರೀ 1 ಮೀಟರ್ ಅಗಲ. ಅದೇ ಲೆನ್ಸಿನ ಹಿಂದೆ 2 ಮಿ.ಮೀ. ಎಲ್‌ಇಡಿ ಇಟ್ಟರೆ 4 ಮೀಟರ್. ಲ್ಯೂಮೆನ್ (ಒಟ್ಟು ಬೆಳಕಿನ ಪ್ರಮಾಣ) ಎಷ್ಟೇ ಏರಿಸಿದರೂ ಈ ಲೆಕ್ಕ ಬದಲಾಗದು.

ಡಬ್ಬಿಯ ಮೇಲಿನ '2000 ಮೀಟರ್' ನೋಡಿ ಮರುಳಾಗಬೇಡಿ. ಅದು ಬೆಳಕು 0.25 ಲಕ್ಸ್‌ಗೆ (ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ಅಂದರೆ ಬೆಳದಿಂಗಳ ಮಟ್ಟಕ್ಕೆ ಇಳಿಯುವ ದೂರ. ಅರ್ಧ ದೂರದಲ್ಲಿ 1 ಲಕ್ಸ್ ಸಿಗುತ್ತದೆ, ಕೆಲಸಕ್ಕೆ ಬರುವುದು ಅಷ್ಟೇ. ಮಂಜು, ಧೂಳಿದ್ದರೆ ಕಿರಣವೇ ಬಿಳಿ ಕಂಬದಂತೆ ಕಣ್ಣಿಗೆ ಅಡ್ಡ. ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಸ್ವಲ್ಪ ವಾಸಿ.

ಒಂದು ಎಚ್ಚರಿಕೆ: ಬಿದ್ದು ಬಿಲ್ಲೆ ಒಡೆದರೆ ನೀಲಿ ಲೇಸರ್ ನೇರ ಹೊರಬರಬಹುದು. ಬೆಳಕು ನೀಲಿಗೆ ತಿರುಗಿದರೆ ತಕ್ಷಣ ಆರಿಸಿ ಬ್ಯಾಟರಿ ತೆಗೆದಿಡಿ, ಟಾರ್ಚಿನ ತಲೆ ಬಿಚ್ಚಿ ನೋಡಲು ಹೋಗಬೇಡಿ.