ಡಬಲ್ ಆಗಿದೆಯಂತೆ, ಯಾರ ಲೆಕ್ಕದಲ್ಲಿ?

ನಿನ್ನೆ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮದುವೆ ಊಟ. ಎಲೆಗೆ ಇನ್ನೂ ಕೋಸಂಬರಿ ಬಿದ್ದಿರಲಿಲ್ಲ, ಪಕ್ಕದಲ್ಲಿ ಕೂತ ಬೀಗರು ಶುರು ಮಾಡಿದರು. "2015ರಾಗ ಇಪ್ಪತ್ತು ಲಕ್ಷಕ್ಕ ಪ್ಲಾಟ್ ಹಿಡದಿದ್ನಿರೀ, ಈಗ ನಲವತ್ತು ನಡದೈತಿ. ಡಬಲ್!" ಸುತ್ತ ಕೂತವರೆಲ್ಲ ಹೌದ್ಹೌದು ಅಂದರು. ಬ್ಯಾಂಕಿನ ಲೋನ್ ಸೆಕ್ಷನ್‌ನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು ನಾನು, ಸುಮ್ನೆ ಕೂರೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಲ್ಲ. ಹೆಂಡತಿ ಕಣ್ಣಲ್ಲೇ ಗದರಿಸಿದಳು. ಅಲ್ಲಿ ನುಂಗಿಕೊಂಡಿದ್ದನ್ನ ಇಲ್ಲಿ ಕಕ್ಕುತ್ತಿದ್ದೇನೆ.

ಹತ್ತು ವರ್ಷಕ್ಕೆ ಡಬಲ್ ಅಂದರೆ ವರ್ಷಕ್ಕೆ ಶೇ 7.2. ಅಷ್ಟೇ ಸ್ವಾಮಿ! ಎಫ್‌ಡಿ ಇಟ್ಟು ಮರೆತಿದ್ದರೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತಿತ್ತು. ಶೇ 9ರ ಸಾಲ ಮಾಡಿ ಹಿಡಿದ ಪ್ಲಾಟ್ ಆಗಿದ್ದರೆ ಡಬಲ್ ಆದರೂ ಕೈಯಿಂದಲೇ ದುಡ್ಡು ಹೋಗಿದೆ. ಕೊಂಡ ದಿನವೇ ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು, ರಿಜಿಸ್ಟ್ರೇಶನ್ ಆಗ ಶೇ 1, ಎಲ್ಲಾ ಸೇರಿ 1 ಲಕ್ಷ 30 ಸಾವಿರ ದಾಟಿರುತ್ತದೆ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಶನ್ ಶುಲ್ಕವೇ ಶೇ 2 ಆಗಿದೆ. ಡಬಲ್ ಅಂದರೆ ಅದು ನೋಡಿ.

ಇನ್ನು ಆ ನಲವತ್ತು ಲಕ್ಷ. ಕೊಡ್ತೀನಿ ಅಂತ ಬಂದವರು ಯಾರು? ಯಾರೂ ಇಲ್ಲ. ಬಾಜೂ ಪ್ಲಾಟಿಗೆ ಏಜೆಂಟ್ ಹೇಳಿದ ರೇಟು ಅದು!

ಫೋನಿನಲ್ಲಿ ಫೋಟೋ ತೋರಿಸಿದರು. ಗದಗ ರೋಡಿನ ಕಡೆ. ನಾಲ್ಕು ಮೂಲೆಗೆ ನಾಲ್ಕು ಕಲ್ಲು, ಒಂದು ಆಗಲೇ ವಾಲಿದೆ. ನಡುವೆ ಆಳೆತ್ತರ ಜಾಲಿ. ಕೆಳಗೆ ಅಪ್ಪಟ ಎರೆ ಮಣ್ಣು, ಕೈ ಇಳಿಯುವಷ್ಟು ಬಿರುಕು. ಮಳೆ ಬಿದ್ದರೆ ಉಬ್ಬುವ, ಬೇಸಿಗೆಗೆ ಬಾಯಿ ಬಿಡುವ ಮಣ್ಣು ಅದು. ಸುಮ್ನೆ ಅದರ ಮೇಲೆ ಮನೆ ಕಟ್ಟಿದರೆ ಗೋಡೆ ಸೀಳುತ್ತದೆ. ಗಟ್ಟಿ ಗರಸು ಸಿಗೋತನಕ ಅಗೆಯಬೇಕು, ಇಲ್ಲಾ ಪೈಲ್ ಹಾಕಬೇಕು. ಧಾರವಾಡದ ಕೆಂಪು ನೆಲದಲ್ಲಿ ಮುಗಿಯುವ ಪಾಯದ ಖರ್ಚಿಗೆ ಇಲ್ಲಿ ಬೇರೆಯೇ ಲೆಕ್ಕ. ಬ್ರೋಶರ್‌ನಲ್ಲಿ ಈಜುಕೊಳದ ಚಿತ್ರ ಇರುತ್ತದೆ, ಮಣ್ಣಿನ ಬಗ್ಗೆ ಒಂದು ಸಾಲೂ ಇರಲ್ಲ.

ಪಾಪ, ಇವರ ಪ್ಲಾಟಿಗೆ ಕಾಗದವಾದರೂ ನೆಟ್ಟಗಿದೆ. ಅವರ ತಮ್ಮ ಹಿಡಿದದ್ದು ಗುಂಟೆ ಪ್ಲಾಟ್, ಅಂದರೆ ಹೊಲವನ್ನೇ ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ ಮಾರಿದ್ದು. ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಿಲ್ಲ, ಲೇಔಟ್ ಮಂಜೂರಾಗಿಲ್ಲ, ಉತಾರದಲ್ಲಿ (ಪಹಣಿಯಲ್ಲಿ) ಇವತ್ತಿಗೂ ಹೊಲ. ಕೈಯಲ್ಲಿರುವುದು ಬಾಂಡ್ ಪೇಪರ್ ಮೇಲಿನ ಕರಾರು, ಒಂದು ಜಿಪಿಎ, ಅಂದರೆ ಮಾಲೀಕನ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ. ಜಿಪಿಎ ಮೇಲೆ ಮಾಲೀಕತ್ವ ಬರೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಬ್ಯಾಂಕು ಅದಕ್ಕೆ ಸಾಲ ಕೊಡಲ್ಲ. ಅಂದರೆ ನಾಳೆ ಕೊಳ್ಳುವವನಿಗೂ ಸಾಲ ಸಿಗಲ್ಲ, ಪೂರ್ತಿ ನಗದು ಇರುವವನನ್ನೇ ಹುಡುಕಬೇಕು. ಆದರೂ ಅವನದೂ "ಡಬಲ್ ಆಗೇತಿ"!

ಫ್ಲ್ಯಾಟ್ ಹಿಡಿದವರೇನು ಕಮ್ಮಿ ಇಲ್ಲ. ಐವತ್ತು ಲಕ್ಷದ ಫ್ಲ್ಯಾಟಿಗೆ ಹದಿಮೂರು ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ಶೇ 3ರ ಆಸುಪಾಸು. ಮೇಂಟೆನನ್ಸ್, ಮನೆ ತೆರಿಗೆ, ಒಂದೆರಡು ತಿಂಗಳು ಖಾಲಿ ಬಿದ್ದದ್ದು ಕಳೆಯಿರಿ. ಉಳಿದದ್ದರಲ್ಲಿ ಕಂತು ಕಟ್ಟಿ ತೋರಿಸಿ.

"ನಮ್ಮ ಮಾಮಾ ಗೋಕುಲ ರೋಡಿನಾಗ ಹಿಡದಿದ್ದು ಹತ್ತು ಪಟ್ಟು ಆಗೇತಿ" ಅಂತ ಈಗ ಯಾರಾದರೂ ಬರೆದೇ ಬರೆಯುತ್ತೀರಿ. ಆಗಿರಬಹುದು, ಸಂತೋಷ. ಎಷ್ಟು ವರ್ಷಕ್ಕೆ ಅಂತಲೂ ಬರೆಯಿರಿ. ಮೂವತ್ತು ವರ್ಷಕ್ಕೆ ಹತ್ತು ಪಟ್ಟು ಅಂದರೆ ವರ್ಷಕ್ಕೆ ಶೇ 8. ಇನ್ನೊಂದು ಮಾತು, ಕೋರ್ಟಿನಲ್ಲಿ ಸಿಕ್ಕಿಬಿದ್ದ ಪ್ಲಾಟಿನ ಮಾಮಾಗಳು ಮದುವೆ ಪಂಕ್ತಿಯಲ್ಲಿ ತುಟಿ ಬಿಚ್ಚಲ್ಲ.

ನಿಜ ಹೇಳಲಾ? ಡಬಲ್ ಅಂದಾಗ ನನಗೂ ಒಂದು ಗಳಿಗೆ ಹೊಟ್ಟೆ ಉರಿಯಿತು. ಲೆಕ್ಕ ಹಾಕಿದ ಮೇಲೆ ಹೋಳಿಗೆ ಎರಡು ಜಾಸ್ತಿಯೇ ಇಳಿದವು.

ಇರೋದಕ್ಕೆ ಮನೆ ಕಟ್ಟುವವರ ಜೊತೆ ನನ್ನ ಜಗಳ ಇಲ್ಲ, ಅದು ಬೇರೆ ವಿಷಯ. ಹೂಡಿಕೆ ಅಂತ ಹಿಡಿಯುವವರು ಮಾತ್ರ ದಯವಿಟ್ಟು ನನಗೆ ಬ್ರೋಶರ್ ಕಳಿಸಬೇಡಿ. ಇಸಿ (ಆಸ್ತಿ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ), ಎನ್‌ಎ ಆದೇಶ, ಮಂಜೂರಾದ ನಕ್ಷೆ ಕಳಿಸಿ. 500 ಚದರ ಮೀಟರ್ ದಾಟಿದ ಲೇಔಟ್ ಆಗಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಕೂಡ. ಪುಕ್ಕಟೆ ಓದಿ ಹೇಳುತ್ತೇನೆ. "ಕಾಗದ ಆಮೇಲೆ ಮಾಡಿಕೊಡ್ತಾರಂತ್ರೀ" ಅನ್ನುವವರು ಫೋನ್ ಮಾಡಲೇಬೇಡಿ.